ಉಗುಳಿದ ಹಳಿಗೆ ಬೀಜ

ಪಕ್ಕದ ಮನೆಯ ನನ್ನ ಗೆಳತಿ ಬೆಂಗಳೂರಿನ ನರ್ಸರಿಯಿಂದ ಆ ಗಿಡ ತಂದ ದಿನ ನನಗೆ ಚೆನ್ನಾಗಿ ನೆನಪಿದೆ. ಕಾರಿನ ಹಿಂದಿನ ಸೀಟಿನಲ್ಲಿ, ಬೆಲ್ಟ್ ಕಟ್ಟಿಸಿಕೊಂಡು, ಹೊಸ ಸೊಸೆಯ ಹಾಗೆ ನೆಟ್ಟಗೆ ಕೂತು ಬಂದಿತ್ತು ಅದು. ಕುಂಡದ ಕೊರಳಿಗೆ ಒಂದು ಲೇಬಲ್: ಸಿಲ್ವರ್‌ಬೆರಿ, ಜಪಾನ್. ಶಿಕಾರಿಪುರದ ನಮ್ಮ ಬೀದಿಯಲ್ಲಿ ಇದ್ದದ್ದು ದಾಸವಾಳ, ಕಣಗಿಲೆ, ಹೆಚ್ಚೆಂದರೆ ಒಂದು ನಂದಿಬಟ್ಟಲು. ಜಪಾನಿನಿಂದ ಯಾರೂ ಬಂದಿರಲಿಲ್ಲ.

"ಬಾರೇ, ನೋಡ್ಬಾ," ಎಂದು ಕಾಂಪೌಂಡ್ ಗೋಡೆಯ ಮೇಲಿಂದ ಕೂಗಿದಳು. "ಆಲಿವ್ ಜಾತಿದಂತೆ. ಬೈಬಲ್‌ನಾಗೆ ಬರತ್ತಲ್ಲ, ಆ ಆಲಿವ್. ಇಡೀ ತಾಲ್ಲೂಕಿನಾಗೆ ಇದೊಂದೇ."

ಹೋದೆ. ಚಂದದ ಗಿಡ, ಸುಳ್ಳು ಹೇಳಬಾರದು. ಎಲೆಯ ನಡುವೆ ಯಾರೋ ಅರಿಶಿನ ಚೆಲ್ಲಿದಂತೆ ಹಳದಿ, ಸುತ್ತ ಹಸಿರು ಅಂಚು. ನಾನು ಒಂದು ಎಲೆಯನ್ನು ಬೆರಳಿನಿಂದ ಮಗುಚಿದೆ. ಅಡಿಯೆಲ್ಲ ಬೆಳ್ಳಿ. ಬೆಳ್ಳಿಯ ಮೇಲೆ ಸಾಸಿವೆ ಪುಡಿ ಉದುರಿಸಿದ ಹಾಗೆ ಕಂದು ಚುಕ್ಕೆ. ಉಗುರಿನಿಂದ ಮೆಲ್ಲಗೆ ಕೆರೆದರೆ ಬೆರಳ ತುದಿಗೆ ಹೊಳೆಯುವ ಹುಡಿ ಅಂಟಿತು. ಆ ಹುಡಿ ನನ್ನ ಬೆರಳಿಗೆ ಹಳೆಯ ಪರಿಚಯ.

"ಇದು ನಮ್ಮ ಹಳಿಗೆ ಕಣೆ," ಎಂದೆ. "ನನ್ನ ತವರಿನ ಬೇಲಿಯಲ್ಲಿರೋ ಬಳ್ಳಿ. ಅದಕ್ಕೆ ಹಳದಿ ಇಲ್ಲ ಅಷ್ಟೆ. ಎಲೆ ತಿರುಗಿಸಿದ್ರೆ ಇದೇ ಸಿಲ್ವರ್."

ಅವಳು ಸೊಂಟಕ್ಕೆ ಕೈ ಇಟ್ಟುಕೊಂಡು ನಕ್ಕಳು. "ಅಯ್ಯೋ ಬೇಲಿ! ಹಲ್ಲು ಹೋದ್ವು, ಕಣ್ಣಿಗೆ ಆಪರೇಷನ್ ಆತು, ಇನ್ನೂ ನೀನು ನಿಮ್ಮೂರ ಬೇಲಿ ಬಿಡ್ಲಿಲ್ಲಲ್ಲೇ!"

ಬೇಲಿ ಎನ್ನುವುದು ನನಗೆ ಅವಳು ಇಟ್ಟ ಹೆಸರು. ಅದರ ಕಥೆ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ನಾವಿಬ್ಬರೂ ಒಂದೇ ಕಾನ್ವೆಂಟಿನ ಹಾಸ್ಟೆಲಿನಲ್ಲಿ, ಒಂದೇ ಬೆಂಚಿನ ಮೇಲೆ ಕೂತು ಓದಿದವರು. ಅವಳು ದಾವಣಗೆರೆಯ ವ್ಯಾಪಾರಸ್ಥರ ಮಗಳು. ನಾನು ಸೊರಬ ತಾಲ್ಲೂಕಿನ, ಆನವಟ್ಟಿಯಿಂದ ಇನ್ನೊಂದು ಬಸ್ಸು ಹಿಡಿದು ಹೋಗಬೇಕಾದ ಹಳ್ಳಿಯವಳು. ಚಾಪೆಲಿನ ಗೋಡೆಯ ಮೇಲೆ ಒಂದು ಚಿತ್ರವಿತ್ತು: ಬೈಬಲ್ಲಿನ ಪ್ರಳಯದ ನೀರಿನ ಮೇಲೆ ಹಾರುವ ಬಿಳಿ ಪಾರಿವಾಳ, ಅದರ ಕೊಕ್ಕಿನಲ್ಲಿ ಎಲೆಯ ಒಂದು ಕುಡಿ. ಚಿತ್ರ ಬರೆದವರು ಆ ಎಲೆಯ ಅಡಿಗೆ ಬೆಳ್ಳಿಯ ಬಣ್ಣ ಕೊಟ್ಟಿದ್ದರು. ಹಾಸ್ಟೆಲಿಗೆ ಸೇರಿದ ಮೊದಲ ತಿಂಗಳು, ರಾತ್ರಿಯೆಲ್ಲ ಅಳುತ್ತಿದ್ದ ನನಗೆ ಆ ಚಿತ್ರ ಕಂಡದ್ದೇ ಉಸಿರು ಬಂದಂತಾಯಿತು. ಸಿಸ್ಟರ್ ಆ ಎಲೆ ಯಾವುದೆಂದು ಕ್ಲಾಸಿನಲ್ಲಿ ಕೇಳಿದಾಗ ಕೈ ಎತ್ತಿ, ಕಲಿತಿದ್ದ ಅಷ್ಟೂ ಇಂಗ್ಲಿಷನ್ನು ಒಟ್ಟು ಮಾಡಿ ಹೇಳಿದೆ: "ಸಿಸ್ಟರ್, ದಟ್ ಲೀಫ್ ಈಸ್ ಫ್ರಮ್ ಅವರ್ ಫೆನ್ಸ್."

ಅದು ಆಲಿವ್ ಎಲೆಯಂತೆ. ಸಿಸ್ಟರ್ ಕೂಡ ನಕ್ಕರು, ಆದರೆ ಬೇಗ ನಿಲ್ಲಿಸಿದರು. ನಿಲ್ಲಿಸದೆ ನಕ್ಕವಳು ನನ್ನ ಬೆಂಚಿನವಳು. ಅಂದಿನಿಂದ ನಾನು ಬೇಲಿ. ಮದುವೆಯಾಗಿ ಇಬ್ಬರೂ ಶಿಕಾರಿಪುರದ ಒಂದೇ ಬೀದಿಗೆ, ಅದೂ ಒಂದೇ ಗೋಡೆಯ ಆಚೆ ಈಚೆ ಬಂದು ಬಿದ್ದದ್ದು ಯಾರ ಹುನ್ನಾರವೋ ಗೊತ್ತಿಲ್ಲ. ನಮ್ಮ ಮಕ್ಕಳು, ಸೊಸೆಯಂದಿರು, ಅಂಗಡಿಯ ಆಳುಗಳವರೆಗೆ ಎಲ್ಲರಿಗೂ ನಾನು ಅವಳ ಬಾಯಲ್ಲಿ ಬೇಲಿ ಎಂದು ಗೊತ್ತು.

ಈ ಸಲ ಬಿಡಬಾರದು ಎನ್ನಿಸಿತು. ಹಳಿಗೆಯನ್ನೇ ತಂದು ಅವಳ ಕೈಗೆ ಕೊಡುತ್ತೇನೆ, ಎರಡೂ ಎಲೆ ಪಕ್ಕಪಕ್ಕ ಹಿಡಿದು ಮಗುಚಿ ನೋಡಲಿ. ಶಿವರಾತ್ರಿ ಹತ್ತಿರವಿತ್ತು, ಹಣ್ಣಿನ ಕಾಲ. ಮಾರನೆಯ ದಿನವೇ ತವರಿನ ಬಸ್ಸು ಹತ್ತಿದೆ.

ಹಳಿಗೆಯನ್ನು ನೋಡದವರಿಗೆ ಹೇಳುತ್ತೇನೆ. ಗಿಡವೂ ಹೌದು, ಬಳ್ಳಿಯೂ ಹೌದು. ಆಸರೆ ಸಿಗುವವರೆಗೆ ಗಿಡ, ಸಿಕ್ಕಿದ ಮೇಲೆ ಬಳ್ಳಿ. ಅಲ್ಲಲ್ಲಿ ಮುಳ್ಳು. ಚಳಿಗಾಲದಲ್ಲಿ ಕೆನೆ ಬಣ್ಣದ ಸಣ್ಣ ಹೂವು, ಅದರ ಘಮ ಮಾತ್ರ ಸಣ್ಣದಲ್ಲ. ಬೇಸಿಗೆ ತಲೆ ಹಾಕುವ ಹೊತ್ತಿಗೆ ಬೆರಳ ಗೆಣ್ಣಿನಷ್ಟು ಉದ್ದದ ಹಣ್ಣು, ಗುಲಾಬಿ ಕೆಂಪು, ಮೈಮೇಲೆಲ್ಲ ಬೆಳ್ಳಿಯ ಚುಕ್ಕೆ. ಕಿತ್ತ ಕೂಡಲೇ ಬಾಯಿಗೆ ಹಾಕುವಂತಿಲ್ಲ. ಲಂಗಕ್ಕೆ ಚೆನ್ನಾಗಿ ತಿಕ್ಕಿ ಚುಕ್ಕೆ ಕಳೆಯಬೇಕು, ಇಲ್ಲದಿದ್ದರೆ ನಾಲಿಗೆಯೆಲ್ಲ ಒಗರು ಹಿಡಿಯುತ್ತದೆ. ಆಮೇಲೆ ಎರಡು ಬೆರಳಲ್ಲಿ ಒತ್ತಿ ಒತ್ತಿ ಮೆತ್ತಗೆ ಮಾಡಬೇಕು. ಆಗ ತಿನ್ನಬೇಕು. ನಮ್ಮ ಶಾಲೆಯ ಲಂಗಗಳೆಲ್ಲ ಆ ತಿಂಗಳು ಬೆಳ್ಳಿ ಹುಡಿಯಲ್ಲಿ ಹೊಳೆಯುತ್ತಿದ್ದವು. ಬೇಲಿಯ ಹಣ್ಣಿಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ದಾರಿಯಲ್ಲಿ ಹೋಗುವವರು ನಿಂತು ತಿಂದೇ ಹೋಗುತ್ತಿದ್ದರು.

ಅಣ್ಣನ ಹೆಂಡತಿ ಜಗಲಿಯ ಮೇಲೆ ಬಟಾಣಿ ಸುಲಿಯುತ್ತಿದ್ದಳು. ಅಣ್ಣ ಹೋಗಿ ವರ್ಷಗಳಾದವು. ಹೊಲ ನೋಡಿಕೊಳ್ಳುವವನು ಅವಳ ಮಗ, ನನ್ನ ಅಳಿಯ. ನನಗಿಂತ ನಾಲ್ಕು ವರ್ಷ ದೊಡ್ಡವಳಾದ ಅತ್ತಿಗೆಯ ಬಾಯಿಗೆ ಮಾತ್ರ ವಯಸ್ಸಾಗಿರಲಿಲ್ಲ.

"ಏನೇ, ಫೋನಿಲ್ಲ ಪತ್ರ ಇಲ್ಲ, ಹೀಗೆ ಬಂದ್ಯಲ್ಲ! ಸೊಸೆ ಹೊರಗೆ ಹಾಕಿದ್ಲಾ?"

"ಹಳಿಗೆ ಹಣ್ಣಿಗೆ ಬಂದೆ ಅತ್ತಿಗೆ."

"ಹಣ್ಣಿಗೆ! ಈ ವಯಸ್ಸಲ್ಲಿ! ಬಸುರಿನಾ ಮಾರಾಯ್ತಿ?"

ಅಷ್ಟರಲ್ಲಿ ಅಳಿಯ ಹೊಲದಿಂದ ಬಂದ. ಹಳಿಗೆಯ ಮಾತು ಕೇಳಿ ಅವನ ಮುಖ ಸ್ವಲ್ಪ ಸಣ್ಣದಾಯಿತು.

"ಅತ್ತೆ, ಈ ವರ್ಷ ತಿಂದ್ಬಿಡಿ. ಮುಂದಿನ ವರ್ಷಕ್ಕೆ ಬೇಲಿ ಇರಲ್ಲ. ಹದ್ದುಬಸ್ತು ಮಾಡಿಸ್ದೆ. ನಮ್ಮ ಬೇಲಿ ಆಚೆಯವರ ಜಾಗ ಎರಡು ಮೊಳ ನುಂಗಿದೆ ಅಂತ ಸರ್ವೆಯಲ್ಲಿ ಬಂತು. ಕಲ್ಲು ನೆಟ್ಟು ಹೋಗಿದಾರೆ. ಬೇಸಿಗೇಲಿ ಜೆಸಿಬಿ ಕರ್ಸಿ ಎಲ್ಲ ಬಳಿದು ಸಿಮೆಂಟ್ ಕಂಬ, ತಂತಿ ಹಾಕ್ತೀನಿ. ಹಂದಿ ಕಾಟಾನೂ ತಪ್ಪತ್ತೆ, ಜೋಳ ಕೈಗೆ ಸಿಗತ್ತೆ."

"ಹಳಿಗೆ ಒಂದನ್ನ ಬಿಟ್ಟುಬಿಡೋ."

"ಬಿಡ್ತಿದ್ದೆ ಅತ್ತೆ, ನಿಮ್ಮಾಣೆ. ಆದ್ರೆ ಅದರ ಬುಡಾನೇ ಆಚೆಯವರ ಜಾಗದಲ್ಲಿದೆ. ಅವರು ಅಲ್ಲಿ ಶುಂಠಿ ಹಾಕ್ತಾರಂತೆ."

ಅವನ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ನ್ಯಾಯವಾಗಿ ಅಳತೆ ಮಾಡಿಸಿದವನನ್ನು ಬೈಯುವುದು ಹೇಗೆ? ಬೇರೆ ಕಡೆ ಹಳಿಗೆ ಇದೆಯೇ ಎಂದು ಅತ್ತಿಗೆಯನ್ನು ಕೇಳಿದೆ.

"ಕಾನು ಕಾಡಲ್ಲಿತ್ತು ಮೊದಲು. ಈಗ ಅಲ್ಲೆಲ್ಲ ಅಕೇಶಿಯಾ ನೆಟ್ಟಿದಾರೆ, ಅದರ ಅಡೀಲಿ ಹುಲ್ಲೂ ಏಳಲ್ಲ. ಇನ್ನೂ ಒಳಗೆ ಹೋದ್ರೆ ಸಿಗಬಹುದು. ಆದ್ರೆ ಅದು ಬರೀ ಹುಳಿ ಕಣೆ, ಹಲ್ಲು ಚಳಿತು ಹೋಗ್ತವೆ. ಹುಳಿ ಹಿಂದೆ ಸಿಹಿ ಬರೋದು ನಿಮ್ಮವ್ವ ಹಬ್ಬಿಸಿದ ಇದೊಂದಕ್ಕೇ."

ಆ ಮಾತು ಕೇಳಿದ ಮೇಲೆ ಗೆಳತಿಯ ಜೊತೆಗಿನ ಪಂದ್ಯ ಹಿಂದೆ ಸರಿಯಿತು. ಈ ಬಳ್ಳಿಯ ಒಂದು ಜೀವವಾದರೂ ನನ್ನ ಜೊತೆ ಶಿಕಾರಿಪುರಕ್ಕೆ ಬರಬೇಕು, ಅಲ್ಲಿ ಬೇರು ಬಿಡಬೇಕು. ನನಗೆ ಬೇಕಿದ್ದದ್ದು ಅಷ್ಟೇ.

ಬಲಿತ ಕಡ್ಡಿ ಎಂಟು ಕತ್ತರಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡೆ. ಒಂದು ಸ್ಟೀಲ್ ಡಬ್ಬಿ ತುಂಬ ಹಣ್ಣು ಕಿತ್ತೆ. ಬಿದಿರ ತಟ್ಟೆಯಲ್ಲಿ ಇನ್ನೊಂದಷ್ಟು ಹಣ್ಣು ಇಟ್ಟುಕೊಂಡು ಜಗಲಿಯ ಮೇಲೆ ಕೂತು, ತಿಂದು, ಬೀಜವನ್ನು ಬಾಯಿಂದ ಚಮಚಕ್ಕೆ, ಚಮಚದಿಂದ ತಟ್ಟೆಯ ಅಂಚಿಗೆ ಸಾಲಾಗಿ ಇಟ್ಟೆ. ಸಿಸ್ಟರ್ ಕಲಿಸಿದ ಕ್ರಮ. ಲೇಡೀಸ್ ಡು ನಾಟ್ ಸ್ಪಿಟ್, ಎನ್ನುತ್ತಿದ್ದರು; ಕಿತ್ತಳೆಯ ಬೀಜ ಉಗುಳಿದ ಹುಡುಗಿಗೆ ಒಂದು ವಾರ ಹಣ್ಣಿಲ್ಲ.

"ಅದೇನೇ ಅದು, ಬಾಯಿಂದ ಹೆರಿಗೆ ಮಾಡಿಸಿದ ಹಾಗೆ?" ಎಂದು ಅತ್ತಿಗೆ ಬಿದ್ದು ಬಿದ್ದು ನಕ್ಕಳು. ಅವಳು ಮಾತ್ರ ತಿಂದ ಹಣ್ಣಿನ ಬೀಜವನ್ನು ಜಗಲಿಯಿಂದ ಅಂಗಳದಾಚೆಗೆ, ತುಳಸಿಕಟ್ಟೆ ದಾಟಿಸಿ, ಫಟ್ಟೆಂದು ಉಗುಳುತ್ತಿದ್ದಳು.

ಮನೆಗೆ ಬಂದು ಬೀಜಗಳನ್ನು ಏಳು ನೀರಿನಲ್ಲಿ ತೊಳೆದೆ. ಉದ್ದುದ್ದ ಗೆರೆಯ ಚಂದದ ಬೀಜ. ಅವ್ವ ಹೀರೆ ಬೀಜ, ಸೌತೆ ಬೀಜ ಇಡುತ್ತಿದ್ದ ಹಾಗೆಯೇ ನಾಲ್ಕು ಬಿಸಿಲಿಗೆ ಒಣಗಿಸಿ, ಸೋಸಿದ ಬೂದಿ ಸವರಿ, ಕಾಗದದ ಕವರಿಗೆ ಹಾಕಿದೆ. ಕವರಿನ ಮೇಲೆ ಸಿಸ್ಟರ್ ಕಲಿಸಿದ ಓರೆ ಅಕ್ಷರದಲ್ಲಿ ಹೆಸರು, ತಿಂಗಳು ಬರೆದೆ. ನಮ್ಮ ಕಡೆಯ ಯಾವ ಹೆಂಗಸೂ ಬೀಜವನ್ನು ಇಷ್ಟು ಜತನವಾಗಿ ಇಟ್ಟಿರಲಿಕ್ಕಿಲ್ಲ ಎಂದು ಜಂಬ ಪಟ್ಟೆ. ಮುಂಗಾರಿನ ಮೊದಲ ಮಳೆಗೆ ಊರುವುದೆಂದು ಲೆಕ್ಕ ಹಾಕಿದೆ.

ಡಬ್ಬಿಯ ಹಣ್ಣುಗಳನ್ನು ತವರಿನಿಂದ ಬಂದ ಸಂಜೆಯೇ ಗೋಡೆಯಾಚೆ ಒಯ್ದಿದ್ದೆ. ಗೆಳತಿ ತನ್ನ ಸಿಲ್ವರ್‌ಬೆರಿಗೆ ಸ್ಪ್ರೇ ಬಾಟಲಿಯಲ್ಲಿ ನೀರು ಹೊಡೆಯುತ್ತಿದ್ದಳು.

"ತಗೋ, ನಿನ್ನ ಗಿಡದ ಕಸಿನ್. ತಿಕ್ಕಿ ತಿನ್ನು, ಹಾಗೇ ತಿನ್ನಬೇಡ," ಎಂದೆ.

"ಹಣ್ಣು ತಿನ್ನೋದನ್ನ ನಿನ್ನ ಹತ್ರ ಕಲೀಬೇಕಾ?" ಎಂದು ಒಂದನ್ನು ಹಾಗೇ ಬಾಯಿಗೆ ಹಾಕಿ ಕಚ್ಚಿದಳು. ಅವಳ ಮುಖ ಹಿಂಡಿದ ಬಟ್ಟೆಯಂತಾಯಿತು. ಒಂದು ಕಣ್ಣು ಮುಚ್ಚಿತು, ಭುಜ ಕಿವಿಯವರೆಗೆ ಏರಿತು. ಸುತ್ತ ನೋಡಿದಳು, ಏನೂ ಸಿಗಲಿಲ್ಲ. ತನ್ನ ಜಪಾನಿನ ಕುಂಡಕ್ಕೇ ಥೂ ಎಂದು ಉಗುಳಿದಳು. "ಛೀ ಛೀ! ಮನುಷ್ಯರು ತಿಂತಾರೇನೇ ಇದನ್ನ? ತಗಂಡು ಹೋಗು!"

ಎಲೆ ಮಗುಚಿ ತೋರಿಸುವ ಮನಸ್ಸೇ ಹೋಯಿತು. ಡಬ್ಬಿ ಮುಚ್ಚಿಕೊಂಡು ಬಂದುಬಿಟ್ಟೆ.

ನೆಟ್ಟ ಎಂಟು ಕಡ್ಡಿಗಳೂ ಎರಡು ವಾರದಲ್ಲಿ ಒಣಗಿದವು. ಬೇಸಿಗೆಯಲ್ಲಿ ಅಳಿಯ ಫೋನ್ ಮಾಡಿ ಬೇಲಿ ತೆಗೆಸಿದ್ದಾಯಿತು ಎಂದ. ನನಗೆ ಬೇಸರವಾಗುತ್ತದೆಂದು ಬೇರೆ ಏನೇನೋ ಮಾತಾಡಿದ. ಮುಂಗಾರು ಬಂತು. ಹದಿನಾರು ಬೀಜ ಊರಿದೆ. ದಿನಾ ಬೆಳಿಗ್ಗೆ ಕಾಫಿ ಲೋಟ ಹಿಡಿದುಕೊಂಡೇ ಹೋಗಿ ನೋಡುವುದು. ಒಂದೂ ಏಳಲಿಲ್ಲ. ತಿಂಗಳು ಕಳೆದ ಮೇಲೆ ಬೆರಳು ಹಾಕಿ ಒಂದು ಬೀಜ ತೆಗೆದು ಕಿವಿಯ ಹತ್ತಿರ ಅಲುಗಿಸಿದೆ. ಒಳಗಿನ ತಿರುಳು ಒಣಗಿ, ಗಿಲಕಿಯ ಹಾಗೆ ಸದ್ದು ಮಾಡಿತು. ಹೀರೆಗೆ, ಸೌತೆಗೆ ಸರಿಯಾದ ಜತನ ಹಳಿಗೆಗೆ ಸಾವಾಗಿತ್ತು. ಅವ್ವನ ಬೂದಿ, ಸಿಸ್ಟರ್ ಕಲಿಸಿದ ಕವರು, ಎರಡನ್ನೂ ಸೇರಿಸಿ ನನ್ನ ಕೈಯಾರೆ ಕೊಂದಿದ್ದೆ.

ಅದೇ ವಾರ ಗೋಡೆಯಾಚೆಯಿಂದ ಕೂಗು ಬಂತು. "ಏ ಬೇಲಿ! ಓಡಿ ಬಾ! ನನ್ನ ಸಿಲ್ವರ್‌ಬೆರಿ ಮರಿ ಹಾಕೈತೆ!"

ಹೋಗಿ ನೋಡಿದೆ. ಜಪಾನಿನ ಗಿಡದ ಬುಡದಿಂದ ನಾಲ್ಕು ಬೆರಳು ದೂರದಲ್ಲಿ, ಕುಂಡದ ಅಂಚಿಗೆ, ಒಂದು ಸಸಿ. ಆರು ಎಲೆ. ಕುಡಿ ತುಕ್ಕಿನ ಬಣ್ಣ. ಬಗ್ಗಿ ಎಲೆಯೊಂದನ್ನು ಮಗುಚಿದೆ. ಬೆಳ್ಳಿ.

"ನೋಡಿದ್ಯಾ? ತಾಯಿ ಥರಾನೇ ಸಿಲ್ವರ್," ಎಂದಳು. "ಬಾಳೆ ಮರಿ ಹಾಕಿದಂಗೆ ಬೇರಿಂದ ಬಂದೈತೆ. ಹಳದಿ ಇನ್ನೂ ಬಂದಿಲ್ಲ. ಬೇಬಿ ಅಲ್ವಾ, ಆಮೇಲೆ ಬರತ್ತೆ."

ಅವಳು ಥೂ ಎಂದು ಉಗುಳಿದ್ದು ಸರಿಯಾಗಿ ಅದೇ ಜಾಗ. ತೊಳೆಯದ, ಒಣಗಿಸದ, ಬೂದಿ ಸವರದ ಬೀಜ, ಬಾಯಿಂದ ನೇರ ಮಣ್ಣಿಗೆ ಬಿದ್ದದ್ದು. ಮೇಲಿಂದ ದಿನಾ ಸ್ಪ್ರೇ ಬಾಟಲಿಯ ನೀರು. ನನ್ನ ಅವ್ವನ ಹಳಿಗೆ ಜಗತ್ತಿನಲ್ಲಿ ಉಳಿದಿದ್ದರೆ ಈಗ ಅದು ಇಲ್ಲಿ, ಇವಳ ಕುಂಡದಲ್ಲಿ, ಜಪಾನಿನ ಹೆಸರಿನಲ್ಲಿ.

ನಾಲಿಗೆ ತುದಿಗೆ ಬಂದ ಮಾತನ್ನು ನುಂಗಿದೆ. ಹೇಳಿದರೆ ಇವಳು ಏನು ಮಾಡುತ್ತಾಳೆಂದು ಗೊತ್ತಿತ್ತು. "ಥೂ, ಆ ಹುಳಿ ಹಣ್ಣಿಂದಾ?" ಎಂದು ಕಿತ್ತು ಎಸೆದರೆ? ಕೊಡು ಎಂದು ಕೇಳಬಹುದಿತ್ತು; ಆದರೆ ಅಷ್ಟು ಎಳೆಯ ಸಸಿಯ ಬೇರು ಅಲುಗಿಸುವ ಧೈರ್ಯ, ಹದಿನಾರು ಬೀಜ ಕೊಂದ ನನ್ನ ಕೈಗೆ ಇರಲಿಲ್ಲ.

"ಕಂಗ್ರಾಜುಲೇಷನ್ಸ್," ಎಂದೆ.

ಹೀಗೆ ಶುರುವಾಯಿತು ನನ್ನ ಮೌನ. ಅವಳು ಬೇಬಿಯನ್ನು ಸಾಕಿದ ರೀತಿ ನೋಡಿದ್ದರೆ ಯಾರಿಗಾದರೂ ಕರುಳು ಚುರ್ ಎನ್ನಬೇಕು. ಹಟ್ಟಿಗೊಬ್ಬರ ಜರಡಿ ಹಿಡಿದು ಹಾಕುವಳು. ಅಕ್ಕಿ ತೊಳೆದ ನೀರು ತಣಿಸಿ ಹೊಯ್ಯುವಳು. ಬಿಸಿಲು ಏರಿದರೆ ತನ್ನ ಹಳೆಯ ಕೊಡೆಯನ್ನು ಬಿಚ್ಚಿ ಪಕ್ಕದಲ್ಲಿ ನೆಡುವಳು. ತಾಯಿ ಗಿಡವೂ ತಾನೇನು ಕಡಿಮೆ ಎನ್ನುವಂತೆ ತನ್ನ ಹಳದಿ ಎಲೆ ಹೊತ್ತುಕೊಂಡು ಚೆನ್ನಾಗಿಯೇ ಇತ್ತು. ಹೂವಿಲ್ಲ, ಹಣ್ಣಿಲ್ಲ, ದೂರೂ ಇಲ್ಲ. ಮೊಮ್ಮಗಳ ಫೋನಿನಲ್ಲಿ ಹುಡುಕಿಸಿ ಓದಿದೆ: ಆಲಿವ್‌ಗೂ ಇದಕ್ಕೂ ನೆಂಟಸ್ತಿಕೆ ಇಲ್ಲ, ನೋಟ ಮಾತ್ರ ಹಾಗೆ. ಆದರೆ ಜಪಾನಿನ ಸಿಲ್ವರ್‌ಬೆರಿ, ನಮ್ಮ ಕಾಡಿನ ಹಳಿಗೆ ಎರಡೂ ಒಂದೇ ಕುಲ. ನನ್ನ ಬೆರಳು ಹೇಳಿದ್ದು ನಿಜವೇ ಆಗಿತ್ತು. ಅದನ್ನೂ ನುಂಗಿಕೊಂಡೆ.

ಎರಡನೆಯ ವರ್ಷ ಮುಳ್ಳು ಬಂತು. ಒಂದು ಬೆಳಿಗ್ಗೆ "ಅಯ್ಯಪ್ಪಾ!" ಎನ್ನುವ ಕೂಗು ಕೇಳಿ ಗೋಡೆಯ ಬಳಿ ಹೋದರೆ, ಅವಳು ಒಂದು ಕೈಯ ಬೆರಳು ಚೀಪುತ್ತಾ ಇನ್ನೊಂದು ಕೈಯಲ್ಲಿ ಗಿಡ ಕತ್ತರಿಸುವ ಕತ್ತರಿ ಹಿಡಿದು ನಿಂತಿದ್ದಳು.

"ಮುಳ್ಳೈತಲ್ಲೇ ಇದಕ್ಕೆ! ತಾಯಿಗಿಲ್ಲದ್ದು ಇದಕ್ಕೆಲ್ಲಿಂದ ಬಂತು? ಯಾವುದೋ ಕಾಡುಗಿಡ ಇರಬೇಕು ಇದು. ಬುಡಕ್ಕೇ ತೆಗೀತೀನಿ."

ಕತ್ತರಿಯ ಬಾಯಿ ಬುಡದ ಹತ್ತಿರವೇ ಇತ್ತು. ಮುಖ ಗಂಭೀರ ಮಾಡಿಕೊಂಡು ಹೇಳಿದೆ: "ಒಳ್ಳೆ ಮನೆತನದ ಗಿಡಕ್ಕೆ ಮುಳ್ಳು ಇದ್ದೇ ಇರತ್ತೆ ಕಣೆ. ರೋಸ್ ನೋಡು. ಇಟ್ ಈಸ್ ಎ ಸೈನ್ ಆಫ್ ಬ್ರೀಡಿಂಗ್."

"ಹೌದಾ?" ಕತ್ತರಿ ನಿಂತಿತು. "ಜಪಾನಿನಾಗೂ ಹಂಗೇನಾ?"

"ಜಪಾನಲ್ಲಂತೂ ಹಾಗೇ."

ಚಿಕ್ಕವಳಿದ್ದಾಗ ಕ್ರಿಶ್ಚಿಯನ್ ಹುಡುಗಿಯರು ಶನಿವಾರ ಹೋಗಿ ಫಾದರ್ ಎದುರು ಪಾಪ ಹೇಳಿಕೊಂಡು ಹಗುರಾಗಿ ಬರುವುದನ್ನು ನೋಡಿ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಅವತ್ತು ಮತ್ತೆ ಆಯಿತು. ಆದರೆ ಆ ಸುಳ್ಳನ್ನು ಇನ್ನೊಮ್ಮೆ ಹೇಳಬೇಕಾಗಿ ಬಂದರೂ ಹೇಳುತ್ತಿದ್ದೆ.

ಕುಂಡ ಸಾಲದೆಂದು ಅವಳೇ ಅದನ್ನು ಗೋಡೆಯ ಬುಡದ ನೆಲಕ್ಕೆ ಇಳಿಸಿದಳು. ನೆಲ ಸಿಕ್ಕಿದ್ದೇ ತಡ, ಹಳಿಗೆ ತನ್ನ ಬುದ್ಧಿ ತೋರಿಸಿತು. ಗೋಡೆ ಹತ್ತಿತು. ಗೋಡೆ ಇಳಿದು ನನ್ನ ಕಡೆಯ ಪೇರಲ ಮರಕ್ಕೆ ಕೈ ಚಾಚಿತು.

"ನಾನು ಗೊಬ್ಬರ ಹಾಕೋದು, ಇದು ನಿನ್ನ ಮನೀಗೆ ಹೋಗೋದು. ಏನಿದು ನ್ಯಾಯ?"

"ಬಿಸಿಲು ಈ ಕಡೆ ಇದೆಯಲ್ಲೇ."

"ಹಳದಿ ಯಾಕೆ ಇನ್ನೂ ಬಂದಿಲ್ಲ?"

"ಟೀನೇಜ್ ಮುಗೀಲಿ ತಡಿ."

ಐದನೆಯ ವರ್ಷದ ಚಳಿಯಲ್ಲಿ ಒಂದು ಬೆಳಿಗ್ಗೆ ಹಿತ್ತಿಲ ಬಾಗಿಲು ತೆಗೆದವಳು ಅಲ್ಲೇ ನಿಂತುಬಿಟ್ಟೆ. ಆ ಘಮ. ಅವ್ವ ಬಚ್ಚಲ ಒಲೆಗೆ ಪುಳ್ಳೆ ಒಟ್ಟುವ ಹೊತ್ತಿಗೆ ಬೇಲಿಯಿಂದ ಬರುತ್ತಿದ್ದ ಘಮ. ಪೇರಲ ಮರದ ತುಂಬ ಕೆನೆ ಬಣ್ಣದ ಹೂವು, ಜೇನುನೊಣ. ಶಿವರಾತ್ರಿಯ ಹೊತ್ತಿಗೆ ಕಾಯಿಗೆ ಬಣ್ಣ ಏರಿತು. ಯಾವತ್ತೂ ನಮ್ಮ ಬೀದಿಗೆ ಬಾರದಿದ್ದ ಪಿಕಳಾರ ಹಕ್ಕಿಗಳು ಜೋಡಿ ಜೋಡಿಯಾಗಿ ಬಂದು ಗೋಡೆಯ ಮೇಲೆ ಜುಟ್ಟು ಎತ್ತಿ ಕೂತವು.

ಗೆಳತಿ ಬಂದಳು. ಬೆಳ್ಳಿ ತಟ್ಟೆ, ಅದರ ಮೇಲೆ ಹೊಸ ಕರ್ಚೀಫ್, ಅದರ ಮೇಲೆ ಒಂಬತ್ತು ಹಣ್ಣು. ಮೈಸೂರು ಸಿಲ್ಕ್ ಉಟ್ಟಿದ್ದಳು, ದೇವರ ಮೇಲಾಣೆ.

"ತಗೋ. ಶಿಕಾರಿಪುರದಾಗೆ ಮೊದಲ ಸಿಲ್ವರ್‌ಬೆರಿ. ನಿನ್ನ ಮನೀಗೇ ಮೊದಲು ತಂದೀನಿ, ನೆನಪಿಟ್ಕೋ."

"ನೀನು ತಿಂದ್ಯಾ?"

"ನಿನ್ನ ಜೊತೆ ತಿನ್ನಾಣ ಅಂತ ಇಟ್ಟೀನಿ."

"ಹಾಗಾದ್ರೆ ಸ್ವಲ್ಪ ತಿಕ್ಕಿ..." ಎನ್ನುವಷ್ಟರಲ್ಲಿ ಅವಳು ಕಚ್ಚಿಯಾಗಿತ್ತು.

ಮುಖ ಹಿಂಡಿತು. ಒಂದು ಕಣ್ಣು ಮುಚ್ಚಿತು. ಭುಜ ಕಿವಿಯವರೆಗೆ ಏರಿತು. ಐದು ವರ್ಷದ ಹಿಂದಿನ ಅದೇ ಮುಖ. ಮುಚ್ಚಿದ ಕಣ್ಣು ನಿಧಾನವಾಗಿ ತೆರೆದು ನನ್ನ ಮೇಲೆ ನಿಂತಿತು. ಬಾಯಲ್ಲಿ ಹಣ್ಣು ಇಟ್ಟುಕೊಂಡೇ ಹೇಳಿದಳು: "ಇದು... ನಿನ್ನ ಬೇಲಿದು."

ನಾನು ತಟ್ಟೆಯಿಂದ ಒಂದು ಹಣ್ಣು ತೆಗೆದು ಸೆರಗಿಗೆ ತಿಕ್ಕಿದೆ.

"ನನ್ನ ಕುಂಡದಾಗೆ ಉಗುಳಿದ್ದೆ ಅವತ್ತು."

"ಹೂಂ."

"ನಿನಗೆ ಯಾವಾಗಿಂದ ಗೊತ್ತು?"

"ಆರು ಎಲೆ ಇದ್ದಾಗಿಂದ."

ತಟ್ಟೆಯನ್ನು ಮೆಟ್ಟಿಲ ಮೇಲೆ ಇಟ್ಟು ಹೋದಳು. ಎರಡು ದಿನ ಗೋಡೆಯಾಚೆ ಸದ್ದಿಲ್ಲ. ನಾನು ಕಾದೆ, ಕತ್ತರಿಯ ಸದ್ದಿಗೂ ಕಿವಿ ಕೊಟ್ಟು ಕಾದೆ. ಅವಳ ಗಿಡ, ಅವಳ ನೆಲ. ಕಡಿದರೆ ಕೇಳಲು ನನಗೆ ಮುಖವಿರಲಿಲ್ಲ. ಮೂರನೆಯ ಬೆಳಿಗ್ಗೆ ಹಿತ್ತಿಲಿಗೆ ಹೋದರೆ ಬಳ್ಳಿ ಹಾಗೇ ಇತ್ತು. ಅದರ ನನ್ನ ಕಡೆಯ ಕೊಂಬೆಗೆ ಕೆಂಪು ದಾರದಲ್ಲಿ ಒಂದು ಐಸ್‌ಕ್ರೀಮ್ ಕಡ್ಡಿ ಕಟ್ಟಿತ್ತು. ಅದರ ಮೇಲೆ ಇಂಗ್ಲಿಷಿನಲ್ಲಿ, ನಮ್ಮಿಬ್ಬರಿಗೂ ಒಬ್ಬರೇ ಸಿಸ್ಟರ್ ಕಲಿಸಿದ ಓರೆ ಅಕ್ಷರದಲ್ಲಿ: ಹಳಿಗೆ, ಸೊರಬ.

ಗೋಡೆಯಾಚೆ ಅವಳು ನಿಂತೇ ಇದ್ದಳು. ಸೆರಗಿಗೆ ಹಣ್ಣು ತಿಕ್ಕುತ್ತಿದ್ದಳು. ತಿಕ್ಕಿ, ಎರಡು ಬೆರಳಲ್ಲಿ ಒತ್ತಿ, ಬಾಯಿಗೆ ಹಾಕಿಕೊಂಡಳು.

"ತಿಕ್ಕಿದ್ರೆ ಬೇರೇನೇ ಕಣೆ," ಎಂದಳು. "ಹುಳಿ ಹಿಂದೆ ಏನೋ ಬರತ್ತೆ." ಆಮೇಲೆ ಬೇರೆ ಕಡೆ ನೋಡುತ್ತಾ ಹೇಳಿದಳು: "ಆ ಪಾರಿವಾಳ ನಿಮ್ಮೂರ ಮೇಲೆ ಹಾದು ಬಂದಿತ್ತೋ ಏನೋ. ಯಾರು ನೋಡ್ಯಾರೆ?"

ಅರವತ್ತು ವರ್ಷ ಮೀರಿದ ಕಾಯುವಿಕೆ ಅದು. ನಗಲು ಹೋದೆ, ಕಣ್ಣಲ್ಲಿ ನೀರು ಬಂತು. ಅವಳು ಅದನ್ನು ನೋಡದ ಹಾಗೆ ಬೀಜವನ್ನು ಅಂಗೈಗೆ ತೆಗೆದುಕೊಂಡು ಕೇಳಿದಳು: "ಈಗ ಇದನ್ನ ಏನು ಮಾಡ್ಲಿ?"

"ಒಣಗೋಕೆ ಬಿಡಬೇಡ," ಎಂದೆ. "ನಾಳೆ ಬೆಳಿಗ್ಗೆ ರೆಡಿಯಾಗಿರು. ಬಸ್ಸಿಗೆ ಹೋಗೋಣ."

ಅವಳು ಬಸ್ಸು ಹತ್ತಿ ಎಷ್ಟು ಕಾಲವಾಗಿತ್ತೋ. ಕಾರು ಬೇಡ ಎಂದವಳೂ ಅವಳೇ. ಪಂದ್ಯ ಸೋತವರು ಗೆದ್ದವರು ಹೇಳಿದ ಹಾಗೆ ಹೋಗಬೇಕಂತೆ. ಒಂದು ಸ್ಟೀಲ್ ಡಬ್ಬಿ ತುಂಬ ಹಣ್ಣು ನನ್ನ ಮಡಿಲಲ್ಲಿ, ಇನ್ನೊಂದು ಅವಳ ಮಡಿಲಲ್ಲಿ. ಆನವಟ್ಟಿಯಲ್ಲಿ ಬಸ್ಸು ಬದಲಿಸುವಾಗ ಕಂಡಕ್ಟರು, "ಏನ್ರೀ ಅಮ್ಮಾ, ಡಬ್ಬೀಲಿ ಬಂಗಾರ ಐತೇನ್ರೀ, ಇಷ್ಟು ಬಿಗಿಯಾಗಿ ಹಿಡ್ಕಂಡೀರಿ?" ಎಂದ. "ಬೆಳ್ಳಿ ರೀ," ಎಂದಳು ನನ್ನ ಗೆಳತಿ, ಮುಖದ ಒಂದು ಗೆರೆಯೂ ಅಲುಗದೆ.

ಅತ್ತಿಗೆ ಜಗಲಿಯ ಮೇಲೆಯೇ ಇದ್ದಳು. ಈಗ ಅವಳ ಬಾಯಲ್ಲಿ ನಾಲ್ಕು ಹಲ್ಲು ಉಳಿದಿದ್ದವು. ಡಬ್ಬಿಯ ಮುಚ್ಚಳ ತೆಗೆದು ತೋರಿಸಿದೆ. ಅವಳು ಒಂದು ಹಣ್ಣು ಎತ್ತಿ, ಸೀರೆಗೆ ತಿಕ್ಕಿ, ಬಾಯಿಗೆ ಹಾಕಿ, ತುಂಬ ಹೊತ್ತು ಚೀಪಿದಳು.

"ನಿಮ್ಮವ್ವಂದೇ," ಎಂದಳು. ಅಷ್ಟೇ ಹೇಳಿದ್ದು. ಅವಳು ಅಷ್ಟೇ ಹೇಳಿದ್ದನ್ನು ನಾನು ಮೊದಲ ಸಲ ಕೇಳಿದೆ.

ಅಳಿಯ ತಂತಿಬೇಲಿಯ ಹತ್ತಿರ ಕರೆದೊಯ್ದ. ಸಾಲಾಗಿ ಹನ್ನೊಂದು ಸಿಮೆಂಟ್ ಕಂಬ. "ಅತ್ತೆ, ಎಷ್ಟು ಬೇಕಾದ್ರೂ ಹಾಕಿ. ಆದ್ರೆ ಕಂಬದಿಂದ ಒಂದು ಮೊಳ ಈಚೆಗೆ. ಇನ್ನೊಂದು ಸಲ ಹದ್ದುಬಸ್ತು ನನ್ನ ಕೈಲಿ ಆಗಲ್ಲ," ಎಂದು ತಾನೇ ಗುದ್ದಲಿಯಿಂದ ಒಂದೊಂದು ಕಂಬದ ಬುಡಕ್ಕೂ ಮಣ್ಣು ಸಡಿಲ ಮಾಡಿ, ಬಿಂದಿಗೆಯಲ್ಲಿ ನೀರು ಹೊಯ್ದ.

ಆಮೇಲೆ ನಮ್ಮ ಮೂವರು ಮುದುಕಿಯರ ಕೆಲಸ. ಒಂದು ಕಂಬದ ಎದುರು ನಿಲ್ಲುವುದು, ಹಣ್ಣು ತಿಕ್ಕುವುದು, ಒತ್ತುವುದು, ತಿನ್ನುವುದು, ಬೀಜವನ್ನು ನೇರ ಮಣ್ಣಿಗೆ ಉಗುಳುವುದು, ಕಾಲಿನಿಂದ ಮಣ್ಣು ಸರಿಸಿ ಮುಂದಿನ ಕಂಬಕ್ಕೆ ಹೋಗುವುದು. ನನಗೆ ಮೊದಲ ಬೀಜ ಬಾಯಿಂದ ಹೊರಡಲೇ ಇಲ್ಲ. ಕೈ ತಾನಾಗಿ ತುಟಿಯ ಹತ್ತಿರ ಬಂತು, ಚಮಚ ಹಿಡಿದಂತೆ.

"ಉಗುಳೇ!" ಎಂದಳು ಅತ್ತಿಗೆ. "ಇನ್ನೂ ಯಾರಿಗೆ ಹೆದರ್ತೀಯ?"

"ಸಿಸ್ಟರ್ ನೋಡಲ್ಲ ಕಣೆ," ಎಂದಳು ಗೆಳತಿ. "ನೋಡಿದ್ರೂ ನಾನು ಮೊದಲು ಉಗುಳಿದ್ದು ಅಂತ ಹೇಳ್ತೀನಿ."

ಉಗುಳಿದೆ. ಬೀಜ ಮಣ್ಣಿಗೆ ಬೀಳುವ ಬದಲು ಕಂಬಕ್ಕೆ ಟಪ್ಪೆಂದು ಬಡಿದು ಕೆಳಗೆ ಬಿತ್ತು. ಮೂವರೂ ಎಷ್ಟು ನಕ್ಕೆವೆಂದರೆ ಆಚೆ ಹೊಲದ ಶುಂಠಿಯ ಮಡಿಯಲ್ಲಿ ಕಳೆ ಕೀಳುತ್ತಿದ್ದ ಹೆಂಗಸರು ಎದ್ದು ನಿಂತು ನೋಡಿದರು. ಅತ್ತಿಗೆ ಅವರನ್ನೂ ಕರೆದು ಎರಡೆರಡು ಹಣ್ಣು ಕೊಟ್ಟಳು. ತಂತಿಯ ಆಚೆಯಿಂದ ಕೈ ಚಾಚಿ ಇಸಿದುಕೊಂಡು, ತಿಂದು, ಅವರೂ ಈಚೆಗೇ ಉಗುಳಿದರು. ಹನ್ನೊಂದನೆಯ ಕಂಬದ ಹೊತ್ತಿಗೆ ನಾಲಿಗೆ ಮರಗಟ್ಟಿತ್ತು, ಗೆಳತಿ ಮತ್ತೆ ಉಟ್ಟು ಬಂದಿದ್ದ ಮೈಸೂರು ಸಿಲ್ಕಿನ ಸೆರಗೆಲ್ಲ ಬೆಳ್ಳಿ ಹುಡಿ. ಗೆಳತಿ ಅದನ್ನು ಝಾಡಿಸಲು ಬಿಡಲಿಲ್ಲ. ಹಾಗೇ ಊರಿಗೆ ಬಂದಳು.

ಮಳೆ ಹಿಡಿದ ಮೇಲೆ ಒಂದು ದಿನ ಅಳಿಯ ವಾಟ್ಸಾಪಿನಲ್ಲಿ ಫೋಟೊ ಕಳಿಸಿದ. ಕಂಬದ ಬುಡ, ಒದ್ದೆ ಮಣ್ಣು, ಒಂದು ಸಸಿ. ಕೆಳಗೆ ಬರೆದಿದ್ದ: ಏಳು ಕಂಬಕ್ಕೆ ಎದ್ದಿವೆ ಅತ್ತೆ. ಗೆಳತಿ ಕನ್ನಡಕ ಏರಿಸಿ ಫೋನನ್ನು ಹತ್ತಿರ ಹಿಡಿದಳು, ದೂರ ಹಿಡಿದಳು, ಕೊನೆಗೆ ಎಲೆಯ ಅಡಿ ಕಾಣುತ್ತದೇನೋ ಎನ್ನುವಂತೆ ಫೋನನ್ನೇ ಮಗುಚಿ ಹಿಂಬದಿ ನೋಡಿದಳು. ತಾನು ಏನು ಮಾಡಿದೆನೆಂದು ಹೊಳೆದು ಅವಳೇ ನಕ್ಕಳು.

"ಎಲೆ ತಿರುಗಿಸಿ ತೆಗೀಲಿಕ್ಕೆ ಹೇಳೇ, ಬೇಲಿ."

ಹೇಳಿದೆ. ಸ್ವಲ್ಪ ಹೊತ್ತಿಗೆ ಇನ್ನೊಂದು ಫೋಟೊ ಬಂತು. ಅತ್ತಿಗೆಯ ಸುಕ್ಕುಗಟ್ಟಿದ ಹೆಬ್ಬೆರಳು, ಮಣ್ಣು ತುಂಬಿದ ಉಗುರು, ಅದರ ಮೇಲೆ ಮಗುಚಿ ಹಿಡಿದ ಒಂದೇ ಒಂದು ಎಲೆ, ಮಳೆಯ ಬೆಳಕಿಗೆ ಪೂರಾ ಬೆಳ್ಳಿ.